ಮೂರನೆಯದು

ಬೆಳಗಿನ ಏಳಕ್ಕೇ ಗೋಡೆ ಮುಟ್ಟುವಂತಿಲ್ಲ.
ಸೋಹಾರಿನ ಸನಾಇಯಾದ ಗಲ್ಲಿಗೆ
ಕುಂಟುತ್ತ ಬಂತು ಶಂಬೆಯ ಹೈಲಕ್ಸ್,
ಒಂದು ಕಾಲು ಎತ್ತಿ ಹಿಡಿದ ಎಮ್ಮೆಯ ಹಾಗೆ,
ಧಡ್ ಧಡ್ ಧಡ್, ಒಂದು ಬಿಡುವು, ಧಡ್.
ಹಿಂದೆ ಎಂಟು ಪೆಟ್ಟಿಗೆ ಅಂಜಲ್,
ಮೇಲೆ ಐಸು, ಐಸಿನ ಮೇಲೆ ಗೋಣಿ,
ಗೋಣಿಯಡಿಯಿಂದ ತೊಟ್ಟಿಕ್ಕುವ ನೀರು.

ನಿನ್ನೆ ರಾತ್ರಿಯವರೆಗೂ ಸರಿಯಿತ್ತು, ಅಂದ.
ಸಹಮ್ ದಾಟಿದ್ದೇ ಒಮ್ಮೆಲೇ
ಒಳಗಿಂದ ಯಾರೋ ಕೈಬಿಟ್ಟಂತಾಯಿತು, ಅಂದ.
ಹತ್ತಕ್ಕೆ ಗಡಿ ಮುಟ್ಟದಿದ್ದರೆ
ದುಬೈಯ ದಲ್ಲಾಳಿ ಫೋನೂ ಎತ್ತುವುದಿಲ್ಲ.

ಸ್ಕ್ಯಾನರ್ ನನ್ನದು, ಸಂಬಳ ಉಳಿಸಿ ತಂದದ್ದು.
ಮೂರನೆಯದು, ಅಂದಿತು.
ಚಾಡಿಕೋರನ ಹಾಗೆ
ಹೆಸರು ಕೊಟ್ಟು ಸುಮ್ಮನಾಯಿತು.
ಮೂರರ ಕಾಯಿಲ್ ಒಂದಕ್ಕೆ, ಒಂದರದ್ದು ಮೂರಕ್ಕೆ:
ತಪ್ಪು ಇದ್ದ ಜಾಗದಿಂದ ಕದಲಲಿಲ್ಲ.
ಪ್ಲಗ್ಗು ಹೊಸದು. ಇಂಜೆಕ್ಟರ್ ಟಿಕ್ಕೆನ್ನುತ್ತಿದೆ.
ಹಾಗಾದರೆ ಗೇಜು.

ನೂರ ಎಪ್ಪತ್ತು.
ನೂರ ಅರವತ್ತೆಂಟು.
ಮೂವತ್ತೈದು.
ಶಾಲೆಗೆ ಏಳಲೊಲ್ಲದ ಹುಡುಗನಂತೆ ಮುಳ್ಳು
ಅಲ್ಲೇ ಮಗ್ಗುಲು ಬದಲಿಸಿತು.
ನಾಲ್ಕನೆಯದನ್ನು ನಾನು ನೋಡಲೂ ಇಲ್ಲ.
ಹೆಡ್ ಬಿಚ್ಚಬೇಕು, ಮೂರು ದಿನ, ತೊಂಬತ್ತೈದು ರಿಯಾಲ್
ಎಂದು ಬಿಲ್ ಪುಸ್ತಕದಲ್ಲಿ ಕಾರ್ಬನ್ ಹಾಳೆಯಿಟ್ಟು
ಒತ್ತಿ ಬರೆದೆ.
ಶಂಬೆ ಓದಲಿಲ್ಲ. ಐಸಿನ ನೀರು
ಹರಿದು ಬರುವ ದಾರಿಯನ್ನೇ ನೋಡುತ್ತಿದ್ದ.
ಮೂರು ಬೆಕ್ಕು ಆಗಲೇ ಬಂದು ಕೂತಿದ್ದವು.

ಇದಿನಬ್ಬ ಚಹಾದ ಲೋಟ ಕೆಳಗಿಟ್ಟರು.
ಅವರ ಎಡಗಿವಿ ಹೋಗಿ ಹನ್ನೊಂದು ವರ್ಷ.
ಲಾರಿಯ ಟಯರ್ ಸಿಡಿದದ್ದು. ಪರಿಹಾರ ಬಂದದ್ದಿಲ್ಲ.
ಉಳಿದ ಬಲಗಿವಿಯನ್ನು
ದೂರ ಹೊರಟವರು ಬುತ್ತಿ ಕಾಯುವ ಹಾಗೆ ಕಾಯುತ್ತಾರೆ,
ಬರಿಯ ಮಾತಿಗೆ ಖರ್ಚು ಮಾಡುವುದಿಲ್ಲ.
"ಅವಸರ ಎಂಥದು ಮಾರಾಯ," ಅಂದರು,
"ಒಂದು ಚಮಚ ಎಣ್ಣೆ ಕುಡಿಸು ಅದಕ್ಕೆ."

ಕುಡಿಸಿದೆ. ತಿರುಗಿಸಿದೆ. ಮೂವತ್ತೆಂಟು.
"ಎಣ್ಣೆಗೆ ಏಳಲಿಲ್ಲ, ಹಾಗಾದರೆ ರಿಂಗ್ ಅಲ್ಲ."

ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿ
ಪ್ಲಗ್ಗಿನ ತೂತಿಗೆ ಗಾಳಿಯ ಪೈಪು ಕೊಟ್ಟೆವು.
ಕಂಪ್ರೆಸರಿನ ಮೋಟಾರು ಬಂದ್ ಮಾಡಿಸಿದರು,
ಪಕ್ಕದ ವೆಲ್ಡಿಂಗಿನ ಪಠಾಣನಿಗೂ ಕೈ ತೋರಿಸಿದರು.
ಗಲ್ಲಿ ಒಂದು ನಿಮಿಷ ಬಾಯಿ ಮುಚ್ಚಿತು.
ಎಣ್ಣೆಯ ಮುಚ್ಚಳ ತೆಗೆದು ಕಿವಿಯಿಟ್ಟರು: ಇಲ್ಲಿಲ್ಲ.
ರೇಡಿಯೇಟರಿನಲ್ಲಿ ಗುಳ್ಳೆಯಿಲ್ಲ.
ಗಾಳಿ ಎಳೆಯುವ ಬಾಯಲ್ಲೂ ಇಲ್ಲ.
ಆಮೇಲೆ ಹಿಂದೆ ನಡೆದು,
ಮೀನಿನ ನೀರಿನಲ್ಲೇ ಮಂಡಿಯೂರಿ,
ಪಕ್ಕದ ಮನೆಯ ಜಗಳ ಕೇಳುವವರ ಹಾಗೆ
ಹೊಗೆಕೊಳವೆಗೆ ಬಲಗಿವಿ ತಂದರು.

ಸ್ಸ್ಸ್.

"ಬಾಗಿಲು ಪೂರ್ತಿ ಮುಚ್ಚಿಲ್ಲ," ಅಂದರು.
"ವಾಲ್ವು ಸುಟ್ಟಿದೆಯೋ, ಏನಾದರೂ ಸಿಕ್ಕಿಕೊಂಡಿದೆಯೋ.
ನಿನ್ನೆವರೆಗೆ ಸರಿಯಿತ್ತು ಅಂದನಲ್ಲ ಇವ?
ಸುಡುವುದು ಹಾಗಲ್ಲ. ಸುಡುವುದು ನಿಧಾನಕ್ಕೆ."
ಶಂಬೆಯ ಮಾತು ನನ್ನ ಕಿವಿಗೂ ಬಿದ್ದಿತ್ತು,
ಎರಡಕ್ಕೂ.

ಮೇಲಿನ ಕವರ್ ತೆಗೆದು, ಗಾಳಿ ಹಾಗೇ ಬಿಟ್ಟು,
ವಾಲ್ವಿನ ತಲೆಗೆ ಮರದ ತುಂಡು,
ತುಂಡಿನ ಮೇಲೆ ಸುತ್ತಿಗೆ. ಒಂದು. ಮೆಲ್ಲಗೆ ಇನ್ನೊಂದು.
ಮೂರನೇ ಪೆಟ್ಟಿಗೆ ಫಕ್ಕನೆ ಉಸಿರು ನುಗ್ಗಿ
ಕೊಳವೆಯೊಳಗೆ ಏನೋ ಹಾರಿಹೋಯಿತು.
ಮಸಿಗಟ್ಟಿದ ಚಕ್ಕೆ, ಸಾಸಿವೆಯಷ್ಟಿರಬಹುದು.
ಕಂಡವರಿಲ್ಲ. ಬೆಕ್ಕುಗಳು ಬೆಚ್ಚಿದ್ದಷ್ಟೇ ಸಾಕ್ಷಿ.
ಸದ್ದು ನಿಂತಿತು. ಗೇಜು: ನೂರ ಅರವತ್ತೆರಡು.

ಒಂಬತ್ತಕ್ಕೆ ಐದು ನಿಮಿಷ.
"ಐದು ರಿಯಾಲ್ ಕೊಡು," ಅಂದರು ಇದಿನಬ್ಬ,
"ಮತ್ತೆ ಬಂದರೂ ಬಂತು. ಬಂದರೆ ಆಗ ಬಿಚ್ಚೋಣ."
ಶಂಬೆ ಒಂದು ಮೀನು ಎತ್ತಿ ಬೆಂಚಿನ ಮೇಲಿಟ್ಟು
ಕೈ ಒರೆಸಿಕೊಳ್ಳುವಷ್ಟೂ ನಿಲ್ಲದೆ ಹೊರಟ.
ತಿರುವಿನವರೆಗೂ ನಾಲ್ಕೂ ಒಟ್ಟಿಗೆ ಓಡಿದ್ದು ಕೇಳಿಸಿತು.

ಬಿಲ್ ಪುಸ್ತಕ ತೆರೆದು
ತೊಂಬತ್ತೈದರ ಮೇಲೆ ಗೀಟು ಹಾಕಿದೆ.
ಅಡಿಯ ಹಾಳೆಯಲ್ಲೂ ಗೀಟು ಬಿತ್ತು,
ಅಂಕಿ ಮಾತ್ರ ಅದರೊಳಗಿಂದ ಚೆನ್ನಾಗಿಯೇ ಕಾಣುತ್ತಿತ್ತು.
ಬೆರಳಿಗೆ ಮಸಿ. ಉಜ್ಜಿದರೆ ಹರಡುತ್ತದೆ.

ಇದಿನಬ್ಬ ತಣಿದ ಚಹಾ ಎತ್ತಿಕೊಂಡಿದ್ದರು.
ಬಿಸಿಯದೊಂದು ತರಲೇ, ಅಂತ ಕೇಳಿದೆ.
ಉತ್ತರವಿಲ್ಲ.
ನಾನು ಎಡಗಡೆ ನಿಂತಿದ್ದೆ.